ನೋವು ತಗ್ಗದೆ ಕಫ ಕದಲುವುದಿಲ್ಲ

ಉಸಿರಾಟದ ಕಾಯಿಲೆಗಳ ವಾರ್ಡಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನಗೆ ಎದೆಯ ಸೋಂಕಿನಿಂದ ಬಂದವರಲ್ಲಿ ಅನೇಕರು ಮೊದಲು ಹೇಳುವುದು ಜ್ವರದ ವಿಷಯವನ್ನಲ್ಲ. ಪಕ್ಕೆ ಹಿಡಿದುಕೊಂಡಿದೆ, ಕೆಮ್ಮಿದರೆ ಜೀವ ಹೋದಂತಾಗುತ್ತದೆ ಎಂಬುದನ್ನು. ಸೋಂಕು ಇಳಿದರೆ ನೋವು ತಾನಾಗಿಯೇ ಹೋಗುತ್ತದೆ, ಅಲ್ಲಿಯವರೆಗೆ ಸಹಿಸಿಕೊಳ್ಳಬೇಕು ಎಂದು ಮನೆಯವರು ಧೈರ್ಯ ಹೇಳುತ್ತಾರೆ. ಆದರೆ ನೋವನ್ನು ತಗ್ಗಿಸುವುದೂ ಸೋಂಕಿನ ಚಿಕಿತ್ಸೆಯ ಒಂದು ಭಾಗವೇ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ.

ಕಫವನ್ನು ಹೊರತರುವ ಕೆಮ್ಮು ಬರಬೇಕಾದರೆ ಮೊದಲು ಎದೆ ತುಂಬ ಉಸಿರೆಳೆದುಕೊಳ್ಳಬೇಕು. ಗಂಟಲಿನ ದ್ವಾರ ಕ್ಷಣಕಾಲ ಮುಚ್ಚಿಕೊಂಡು, ಹೊಟ್ಟೆಯ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಬಿಗಿದು ಒಳಗಿನ ಒತ್ತಡವನ್ನು ಏರಿಸಬೇಕು. ಆಮೇಲೆ ಗಾಳಿ ರಭಸದಿಂದ ಹೊರನುಗ್ಗಬೇಕು. ಹಗಲೂ ರಾತ್ರಿ ಕೆಮ್ಮಿ ದಣಿದ ಈ ಸ್ನಾಯುಗಳಲ್ಲಿ ಸೆಳೆತ ಶುರುವಾದಾಗ ರೋಗಿ ಅಂಗೈಯನ್ನು ಪಕ್ಕೆಗೆ ಒತ್ತಿಕೊಂಡು, ಭುಜವನ್ನು ಕಿವಿಯ ಕಡೆಗೆ ಎತ್ತಿ, ಅರ್ಧ ಉಸಿರಿಗೇ ನಿಲ್ಲಿಸಿಬಿಡುತ್ತಾರೆ. ಬಂದ ಕೆಮ್ಮನ್ನು ಗಂಟಲಲ್ಲೇ ತಡೆಯುತ್ತಾರೆ. ಶ್ವಾಸಕೋಶದ ತಳಭಾಗಕ್ಕೆ ಗಾಳಿ ಸರಿಯಾಗಿ ಹೋಗದೆ ಕಫ ಅಲ್ಲೇ ನಿಲ್ಲುತ್ತದೆ, ನಿಂತ ಕಫ ಮತ್ತೆ ಕೆಮ್ಮಿಸುತ್ತದೆ, ಕೆಮ್ಮು ಮತ್ತೆ ಸೆಳೆತ ತರುತ್ತದೆ.

ಆದ್ದರಿಂದ ಸುಮ್ಮನೆ ಮಲಗಿರುವಾಗ ನೋವಿದೆಯೇ ಎಂದು ಕೇಳಿ ನಾನು ಮುಂದೆ ಹೋಗುವುದಿಲ್ಲ. ಆಳವಾಗಿ ಉಸಿರೆಳೆಯಿರಿ, ಒಮ್ಮೆ ಕೆಮ್ಮಿ ಎಂದು ಹೇಳಿ, ಆಗ ನೋವು 0 ಯಿಂದ 10 ರೊಳಗೆ ಎಷ್ಟು ಎಂದು ಕೇಳುತ್ತೇನೆ; ಮಲಗಿದ್ದಾಗ 2 ಎಂದವರೇ ಕೆಮ್ಮುವಾಗ 8 ಎನ್ನುವುದುಂಟು. ವೈದ್ಯರು ಬರೆದ ಪ್ಯಾರಾಸಿಟಮಾಲ್ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ, ಅಂದರೆ ಅದರ ಪರಿಣಾಮ ಇರುವಾಗ, ಕಫ ತೆಗೆಯುವ ವ್ಯಾಯಾಮ ಮಾಡಿಸುತ್ತೇನೆ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ನೋಯುವ ಕಡೆಗೆ ಮಡಿಸಿದ ದಿಂಬನ್ನು ಒತ್ತಿ ಹಿಡಿಯಲು ಹೇಳುತ್ತೇನೆ. ಮೊದಲು ಭುಜ ಸಡಿಲಬಿಟ್ಟು ಸಹಜವಾದ ಉಸಿರಾಟ, ನಂತರ ಒಂದೊಂದರಲ್ಲೂ ಸುಮಾರು 3 ಸೆಕೆಂಡು ಉಸಿರು ಹಿಡಿದಿಟ್ಟು ಮೂರು ನಾಲ್ಕು ಆಳವಾದ ಉಸಿರು, ಆಮೇಲೆ ಕನ್ನಡಿಯ ಮೇಲೆ ಹಬೆ ಕೂರಿಸುವಂತೆ ಬಾಯಿ ತೆರೆದು 'ಹಾ' ಎಂದು ಗಾಳಿಯನ್ನು ಹೊರಗೆ ತಳ್ಳುವುದು. ಈ 'ಹಾ' ಕೆಮ್ಮಿಗಿಂತ ಕಡಿಮೆ ನೋಯಿಸುತ್ತದೆ, ಕಫವನ್ನೂ ಮೇಲಕ್ಕೆ ತರುತ್ತದೆ. ಕೊನೆಗೆ ಒಂದೆರಡು ಗಟ್ಟಿ ಕೆಮ್ಮು ಸಾಕಾಗುತ್ತದೆ.

ಎದೆಯ ನೋವೆಲ್ಲ ಸ್ನಾಯುವಿನದಲ್ಲ. ಬೆರಳಿನಿಂದ ಒತ್ತಿದ ಜಾಗದಲ್ಲೇ ನೋಯುತ್ತಿದ್ದು, ಮಗ್ಗುಲು ಬದಲಿಸಿದಾಗ ಹೆಚ್ಚಾಗುವುದಾದರೆ ಅದು ಬಹುಮಟ್ಟಿಗೆ ಸ್ನಾಯುವಿನ ನೋವು. ಒತ್ತಿದರೆ ಏನೂ ಆಗದೆ, ಉಸಿರೆಳೆದಾಗ ಮಾತ್ರ ಚುಚ್ಚಿದಂತಾದರೆ ಶ್ವಾಸಕೋಶದ ಹೊದಿಕೆಗೆ ಉರಿಯೂತ ಬಂದಿರಬಹುದು. ಮೂಳೆ ಸವೆದ ವಯಸ್ಸಾದವರಲ್ಲಿ ಬರೀ ಕೆಮ್ಮಿನಿಂದಲೇ ಪಕ್ಕೆಲುಬು ಬಿರುಕು ಬಿಡುವುದೂ ಇದೆ. ಹಠಾತ್ತನೆ ಬಂದ ತೀವ್ರ ನೋವು, ಎದೆಯ ನಡುವೆ ಹಿಂಡಿದಂತಾಗುವುದು, ಕಫದಲ್ಲಿ ರಕ್ತ, ನಿಮಿಷಕ್ಕೆ 30 ದಾಟಿದ ಉಸಿರಾಟ, ಗೊಂದಲದ ಮಾತು, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ ಕೂಡಲೇ ವೈದ್ಯರನ್ನು ಕರೆಯಬೇಕು.

ಬೆನ್ನುಹುರಿಗೆ ಪೆಟ್ಟಾದವರು ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವವರ ವಿಷಯದಲ್ಲಿ ನಾನು ಇನ್ನಷ್ಟು ಎಚ್ಚರವಾಗಿರುತ್ತೇನೆ. ಸೋಂಕು ಬಂದಾಗ ಅವರ ಕೈಕಾಲುಗಳ ಬಿಗಿತ, ಸೆಳೆತ ಏರುತ್ತದೆ. ಕೆಲವೊಮ್ಮೆ ಕಾಲಿನ ಸೆಳೆತ ಹೆಚ್ಚಾಗಿರುವುದೇ ಸೋಂಕಿನ ಮೊದಲ ಸುಳಿವಾಗಿರುತ್ತದೆ. ಸ್ನಾಯುಗಳ ಬಿಗಿತ ತಗ್ಗಿಸಲು ಅವರು ಸೇವಿಸುವ ಬ್ಯಾಕ್ಲೋಫೆನ್ ಮಾತ್ರೆಯನ್ನು, ಕಾಯಿಲೆಯ ಗಡಿಬಿಡಿಯಲ್ಲಿ ಕೂಡ, ದಿಢೀರನೆ ನಿಲ್ಲಿಸಬಾರದು. ನಿಲ್ಲಿಸಿದರೆ ತೀವ್ರ ಸೆಳೆತ, ಜ್ವರ, ಫಿಟ್ಸ್ ಸಹ ಬರಬಹುದು. ಹಾಗೆಂದು ವೈದ್ಯರನ್ನು ಕೇಳದೆ ಪ್ರಮಾಣವನ್ನು ಹೆಚ್ಚಿಸುವುದೂ ತಪ್ಪು, ಏಕೆಂದರೆ ಅದು ಮಂಪರು ತಂದು ಕೆಮ್ಮುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಸ್ನಾಯು ಸಡಿಲಿಸುವ ಡಯಾಜೆಪಾಮ್ ಮತ್ತು ನೋವು ನಿವಾರಕ ಕೊಡೀನ್ ಬಗ್ಗೆಯೂ ಇದೇ ಎಚ್ಚರಿಕೆ ಬೇಕು.

ಔಷಧದಿಂದಲೇ ಸೆಳೆತ ಬರುವುದನ್ನೂ ಮರೆಯಬಾರದು. ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಂದಿಗೆ ಒಳಗೆ ಕಳಿಸುವ ನೆಬ್ಯುಲೈಸರ್‌ನಲ್ಲಿ ಕೊಡುವ, ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೈ ನಡುಗಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸಿ ಸ್ನಾಯು ಸೆಳೆತ ತರಬಲ್ಲದು. ಕೊಲೆಸ್ಟರಾಲ್‌ಗಾಗಿ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರಿಗೆ ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಸೇರಿದರೆ ಸ್ನಾಯುಗಳಿಗೆ ಗಂಭೀರ ಹಾನಿಯಾಗಬಹುದು. ಮೈಯೆಲ್ಲ ನೋವು ಎಂದು ಯಾರಾದರೂ ಹೇಳಿದಾಗ ಅವರ ಮಾತ್ರೆಗಳ ಪಟ್ಟಿಯನ್ನು ಒಮ್ಮೆ ಓದುವುದು ನನಗೆ ರೂಢಿ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಬೆರೆತಿರುವುದು ಅಲ್ಲಿಯೇ ಕಣ್ಣಿಗೆ ಬೀಳುತ್ತದೆ. ವಯಸ್ಕರಿಗೆ ದಿನವೊಂದಕ್ಕೆ ಎಲ್ಲ ಸೇರಿ 4 ಗ್ರಾಂ ಮೀರಬಾರದು, ಯಕೃತ್ತಿನ ತೊಂದರೆ ಇದ್ದರೆ ಅಥವಾ ತೂಕ ಕಡಿಮೆಯಿದ್ದರೆ ಇನ್ನೂ ಕಡಿಮೆ.

ಮನೆಗೆ ಹೊರಟವರಿಗೆ ಬಿಸಿ ಶಾಖದ ಬಗ್ಗೆ ಹೇಳಿ ಕಳುಹಿಸುತ್ತೇನೆ: ಬಟ್ಟೆ ಸುತ್ತಿ 15 ರಿಂದ 20 ನಿಮಿಷ ಸಾಕು, ಸ್ಪರ್ಶಜ್ಞಾನ ಕಡಿಮೆಯಿರುವ ಚರ್ಮದ ಮೇಲೆ ಬೇಡ. ನ್ಯುಮೋನಿಯಾ ಆದವರಿಗೆ ಎದೆನೋವು ಮತ್ತು ಕಫ ಸಾಕಷ್ಟು ತಗ್ಗಲು ಸುಮಾರು 4 ವಾರ, ಕೆಮ್ಮು ತಗ್ಗಲು ಸುಮಾರು 6 ವಾರ ಬೇಕಾಗುತ್ತದೆ ಎಂಬುದನ್ನೂ ಆಗಲೇ ತಿಳಿಸುತ್ತೇನೆ. ಇಲ್ಲವಾದರೆ ಎರಡನೆಯ ವಾರದಲ್ಲೂ ಪಕ್ಕೆ ನೋಯುತ್ತಿರುವುದನ್ನು ಕಂಡು ಅವರು ಹೆದರಿ ಹಾಸಿಗೆ ಹಿಡಿಯುತ್ತಾರೆ, ನಡೆದಾಡುವುದನ್ನೇ ಬಿಡುತ್ತಾರೆ.