ಬೆಳಿಗ್ಗೆ ಆರೂವರೆಯ ಅಲಾರ್ಮ್ ಕೊನೆಗೂ ನಿಂತಿತು

ನಿನ್ನೆ ಬೆಳಿಗ್ಗೆ ಆರೂವರೆ ದಾಟಿತು, ಏಳಾಯಿತು, ಬಜರ್ ಕೂಗಲಿಲ್ಲ. ಖುಷಿಗೆ ಎರಡನೇ ಲೋಟ ಕಾಫಿ ಕುಡಿದೆ. ಮನೆಯಲ್ಲಿ ಕಟ್ಟಿಕೊಂಡ ಹೀಟ್ ಎಕ್ಸ್‌ಚೇಂಜರ್‌ನಲ್ಲಿ (ಬಿಸಿನೀರಿನ ಶಾಖವನ್ನು, ನೀರು ಬೆರೆಯದಂತೆ, ತೆಳು ಪ್ಲೇಟುಗಳ ಮೂಲಕ ತಣ್ಣೀರಿಗೆ ದಾಟಿಸುವ ಸಾಧನ) ದಿನಾ ಕೂಗುತ್ತಿದ್ದ ಸುಳ್ಳು ಅಲಾರ್ಮ್, ಎರಡು ತಿಂಗಳಿಂದ ಬೆನ್ನು ಹತ್ತಿದ್ದ ತೊಂದರೆ.

ಸೆಟಪ್ ಹಳೆಯದೇ. ಗುಜರಿಯಿಂದ ತಂದ 11 ಪ್ಲೇಟಿನ ಹೀಟ್ ಎಕ್ಸ್‌ಚೇಂಜರ್. ಒಂದು ಕಡೆ 3 ಕಿಲೋವ್ಯಾಟ್ ಗೀಸರ್‌ನಿಂದ ಸುತ್ತುವ ಬಿಸಿನೀರು, ಇನ್ನೊಂದು ಕಡೆ ಮನೆಯ ಟ್ಯಾಂಕಿನಿಂದ ಬಂದು ಸಂಪಿಗೆ ಇಳಿಯುವ ತಣ್ಣೀರು. ನಾಲ್ಕು ಟೆಂಪರೇಚರ್ ಸೆನ್ಸರ್, ಎರಡು ಫ್ಲೋ ಮೀಟರ್, ಇವನ್ನೆಲ್ಲ ಓದಿ ಲೆಕ್ಕ ಹಾಕಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್. ಟೈಮರ್ ಬೆಳಿಗ್ಗೆ ಆರಕ್ಕೆ ಶುರುಮಾಡುತ್ತದೆ. ಯು ಮೌಲ್ಯ (ಪ್ಲೇಟುಗಳು ಶಾಖವನ್ನು ಎಷ್ಟು ಚೆನ್ನಾಗಿ ದಾಟಿಸುತ್ತವೆ ಅನ್ನುವ ಅಳತೆ) ನೂರಕ್ಕೆ 15ರಷ್ಟು ಇಳಿದರೆ 'ಕೊಳೆ ಕಟ್ಟಿದೆ' ಅಂತ ಬಜರ್.

ದಿನಾ ಆರೂವರೆಗೆ ಕೂಗುವುದು, ಎಂಟಕ್ಕೆ ತಾನೇ ಸುಮ್ಮನಾಗುವುದು. ತಾನೇ ಕಟ್ಟಿ ತಾನೇ ಕರಗುವ ಕೊಳೆ ಎಲ್ಲಾದರೂ ಉಂಟಾ? ಆದರೂ ಬೋಲ್ಟ್ ಬಿಚ್ಚಿ ನೋಡಿದೆ. ಪ್ಲೇಟುಗಳು ತೊಳೆದಿಟ್ಟ ಊಟದ ತಟ್ಟೆಯ ಹಾಗೆ ಹೊಳೆಯುತ್ತಿದ್ದವು.

ಮೊದಲು ಅನುಮಾನ ಹೋಗಿದ್ದು ಸೆನ್ಸರ್ ಮೇಲೆ. ನಿಮಿಷಕ್ಕೆ 8 ಲೀಟರ್ ಹರಿದರೆ 3 ಕಿಲೋವ್ಯಾಟ್‌ಗೆ ನೀರು ಬಿಸಿಯಾಗುವುದೇ 5.4 ಡಿಗ್ರಿ. ನಾನು ಹಾಕಿದ ಡಿಎಸ್18ಬಿ20 ಟೆಂಪರೇಚರ್ ಸೆನ್ಸರ್ ಅಸಲಿಯಾದರೂ ಅರ್ಧ ಡಿಗ್ರಿ ಅತ್ತಿತ್ತ ಇರಬಹುದು. ಒಂದು ಮೇಲೆ, ಒಂದು ಕೆಳಗೆ ತೋರಿಸಿದರೆ ಲೆಕ್ಕದ ಐದನೇ ಒಂದು ಪಾಲು ಹೋದಂತೆಯೇ. ನನಗೆ ಬಂದವು ಅಸಲಿಯೂ ಅಲ್ಲ. 'ಒರಿಜಿನಲ್ ಸಾರ್' ಅಂತ ಅಂಗಡಿಯವರು ಕೊಟ್ಟ ಹತ್ತನ್ನೂ ಪುಡಿ ಐಸ್ ತುಂಬಿದ ಫ್ಲಾಸ್ಕಿಗೆ ಇಳಿಸಿದೆ, ಅಲ್ಲಿ ಸೊನ್ನೆ ಡಿಗ್ರಿ ತೋರಿಸಬೇಕು. ಮೂರು ಒಂದು ಡಿಗ್ರಿಗಿಂತ ಜಾಸ್ತಿ ತಪ್ಪು ತೋರಿಸಿದವು. ವಾಪಸ್ ತೆಗೆದುಕೊಳ್ಳಿ ಅಂದರೆ ಫೋನೇ ಎತ್ತಲಿಲ್ಲ. ಹಣ ತೆಗೆದುಕೊಂಡು ಹೀಗೆ ಮಾಡುವುದು ನಿಜಕ್ಕೂ ಅನ್ಯಾಯ. (ಕುದಿಯುವ ನೀರಲ್ಲಿ ಪರೀಕ್ಷೆ ಮಾಡುವವರು ನೆನಪಿಡಿ: ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.) ಒಳ್ಳೆಯ ನಾಲ್ಕನ್ನು ಆರಿಸಿ, ಉಳಿದ ವ್ಯತ್ಯಾಸವನ್ನು ಕೋಡ್‌ನಲ್ಲೇ ಕಳೆದೆ. ಅಲಾರ್ಮ್ ಮಾತ್ರ ನಿಲ್ಲಲಿಲ್ಲ.

ಸುಳಿವು ಕೊಟ್ಟಿದ್ದು ಅಮ್ಮ. "ಆರೂವರೆಗೆ ಮೇಲಿನ ಮನೆಯವರೆಲ್ಲ ಸ್ನಾನಕ್ಕೆ ಹೋಗ್ತಾರಲ್ವಾ? ಆಗ ನಲ್ಲೀಲಿ ನೀರು ಸಣ್ಣಗೆ ಬರತ್ತೆ" ಅಂದರು. ಲಾಗ್ ತೆಗೆದು ನೋಡಿದರೆ ಹೌದು, ತಣ್ಣೀರು 8 ಲೀಟರ್‌ನಿಂದ 5ಕ್ಕೆ ಇಳಿದಿತ್ತು. ಶಾಖದ ಲೆಕ್ಕಕ್ಕೆ ಆ ಫ್ಲೋ ಬಳಸುತ್ತಲೇ ಇದ್ದೆ. ಆದರೆ ಹರಿವು ನಿಧಾನವಾದರೆ ಪ್ಲೇಟಿಗೆ ಅಂಟಿದ ನೀರಿನ ಪದರ ದಪ್ಪವಾಗಿ ಯು ಕೂಡ ಇಳಿಯುತ್ತದಲ್ಲ, ಅದನ್ನು ಕೋಡ್‌ಗೆ ಹೇಳಿರಲಿಲ್ಲ. ನನ್ನ ಎಕ್ಸ್‌ಚೇಂಜರ್‌ನಲ್ಲಿ ಯು 1000 ಇದ್ದದ್ದು 840ಕ್ಕೆ ಬರುತ್ತಿತ್ತು. ನೂರಕ್ಕೆ 16. ಅಲಾರ್ಮ್ ಕೂಗದೆ ಇರುತ್ತದೆಯೇ!

ಪರಿಹಾರ ನೂರು ವರ್ಷಕ್ಕಿಂತ ಹಳೆಯದು. ಇ. ಇ. ವಿಲ್ಸನ್ 1915ರಲ್ಲಿ ಸ್ಟೀಮ್ ಕಂಡೆನ್ಸರ್‌ಗಳಿಗೆ ಅಂತ ಹೇಳಿಕೊಟ್ಟ ಗ್ರಾಫ್. ಬಿಸಿನೀರಿನ ಹರಿವು ಹಾಗೇ ಇಟ್ಟು, ತಣ್ಣೀರನ್ನು 4ರಿಂದ 8 ಲೀಟರ್‌ವರೆಗೆ ಐದು ಹಂತದಲ್ಲಿ ಬದಲಿಸಿದೆ. ಪ್ರತಿ ಹಂತದಲ್ಲೂ ಟೆಂಪರೇಚರ್ ನಿಲ್ಲುವವರೆಗೆ ಕಾದೆ. ಒಂದು ಭಾಗಿಸು ಯು ಮೇಲಕ್ಕೆ, ಒಂದು ಭಾಗಿಸು ಹರಿವಿನ 0.7ನೇ ಘಾತ ಅಡ್ಡಕ್ಕೆ. ಪ್ಲೇಟಿನ ಬದಲು ಟ್ಯೂಬ್ ಇರುವ ಎಕ್ಸ್‌ಚೇಂಜರ್ ಇದ್ದವರು 0.8 ಹಾಕಿ. ಐದೂ ಚುಕ್ಕೆ ನೂಲು ಹಿಡಿದಂತೆ ಒಂದೇ ಗೆರೆಯಲ್ಲಿ ಕೂತವು. ಹರಿವು ಕಮ್ಮಿಯಾದರೆ ಚುಕ್ಕೆ ಅದೇ ಗೆರೆಯ ಮೇಲೆ ಜಾರುತ್ತದೆ. ಕೊಳೆ ಕಟ್ಟಿದರೆ ಗೆರೆಯೇ ಮೇಲೆ ಏಳುತ್ತದೆ. ಹಾಗಾಗಿ ಯು ಇಳಿದದ್ದಕ್ಕಲ್ಲ, ಗೆರೆ ಎದ್ದರೆ ಮಾತ್ರ ಕೂಗು ಅಂತ ಕೋಡ್‌ಗೆ ಹೇಳಿದೆ. ಆ ಗ್ರಾಫ್ ನೋಡುತ್ತಾ ಸುಮ್ನೆ ಕೂತುಬಿಟ್ಟೆ, ಅಷ್ಟು ಚೆನ್ನಾಗಿತ್ತು.

ನಿಜವಾದ ಕೊಳೆಗೂ ಗೆರೆ ಏಳುತ್ತದಾ ಅಂತ ನೋಡಬೇಕಲ್ಲ. ನಮ್ಮದು ಬೋರ್‌ವೆಲ್ ಗಡಸು ನೀರು, ಕಿಟ್ಟಕ್ಕೆ ಬರವಿಲ್ಲ. ಸಂಜೆ ಎರಡೆರಡು ಗಂಟೆ ತಣ್ಣೀರನ್ನು 1 ಲೀಟರ್‌ಗೆ ಇಳಿಸಿ, ಚೆನ್ನಾಗಿ ಕಾದು ಹೊರಬರುವ ಹಾಗೆ ಬಿಟ್ಟೆ. ಆ ಬಿಸಿನೀರು ಬಟ್ಟೆ ಒಗೆಯಲು ಹೋಯಿತು. ಮೂರು ವಾರದಲ್ಲಿ ಗೆರೆ (ಎಡಗಡೆಯ ನಿಂತ ಅಕ್ಷವನ್ನು ಅದು ಮುಟ್ಟುವ ಜಾಗ) 0.0005ರಿಂದ 0.0006ಕ್ಕೆ ಎದ್ದಿತು, ಗೆರೆಯ ಓರೆ ಬದಲಾಗಲಿಲ್ಲ. ಆಗ 8 ಲೀಟರ್‌ನಲ್ಲಿ ಯು ಇಳಿದಿದ್ದು ನೂರಕ್ಕೆ 9 ಮಾತ್ರ. ಅಂದರೆ ಹಳೆಯ ಅಲಾರ್ಮ್ ಸ್ನಾನಕ್ಕೆ ಕೂಗುತ್ತಿತ್ತು, ಕಿಟ್ಟ ಕಟ್ಟಿದಾಗ ಸುಮ್ಮನಿರುತ್ತಿತ್ತು.

ಬಿಚ್ಚಿದೆ. ತಣ್ಣೀರು ಕಾದು ಹೊರಬೀಳುವ ಮೂಲೆಯಲ್ಲಿ ಬೆಳ್ಳಗೆ, ಉಗುರಿಗೆ ಸಿಗುವಷ್ಟು ಕಿಟ್ಟ. ನಿಂಬೆ ಉಪ್ಪು ಕರಗಿಸಿದ ನೀರು ಸುರಿದಾಗ ಸೊರ್ ಅಂತ ನೊರೆ ಬಂತು.

ಬಿಚ್ಚಿದಾಗ ಇನ್ನೊಂದು ಯೋಚನೆ. ಡೈರಿಗಳಲ್ಲಿ ಕಿಟ್ಟಕ್ಕಿಂತ ಜಾಸ್ತಿ ಭಯ ಪ್ಲೇಟಿನ ಸೂಜಿತೂತಿಗೆ. ಹಸಿ ಹಾಲು ಕಾಯಿಸಿದ ಹಾಲಿಗೆ ಸೇರಬಾರದು ಅಂತಲೇ ಕಾಯಿಸಿದ ಕಡೆ ಒತ್ತಡ ಜಾಸ್ತಿ ಇಡುತ್ತಾರೆ. ಒಂದು ಹಳೆಯ ಪ್ಲೇಟಿಗೆ ತೂತು ಕೊರೆದು, ಬಿಸಿ ಲೂಪ್‌ಗೆ ಉಪ್ಪು ಹಾಕಿ, ತಣ್ಣೀರಿನ ಕಡೆ ಟಿಡಿಎಸ್ ಪ್ರೋಬ್ (ನೀರಿನಲ್ಲಿ ಕರಗಿದ ಉಪ್ಪಿನ ಅಂಶ ಅಳೆಯುವ ಸೆನ್ಸರ್) ಇಟ್ಟರೆ ಎಷ್ಟು ಸಣ್ಣ ಸೋರಿಕೆ ಸಿಗಬಹುದು? ತಣ್ಣೀರು ಆಗ ಸಂಪಿಗಲ್ಲ, ಬೇರೆ ಡ್ರಮ್ಮಿಗೆ. ಮುಂದಿನ ಪ್ರಾಜೆಕ್ಟ್ ಇದೇ.

ತೊಳೆದು ಜೋಡಿಸಿದ ಮೇಲೆ ಗೆರೆ 0.00051ಕ್ಕೆ ಇಳಿಯಿತು. ಒಂದು ಬಾಕಿ ಇದೆ. ಕೊಳೆ ಯಾವ ಕಡೆ ಕಟ್ಟಿದೆ ಅಂತ ಈ ಗ್ರಾಫ್ ಹೇಳುವುದಿಲ್ಲ, ಎರಡೂ ಕಡೆಯದು ಒಂದೇ ಮೊತ್ತದಲ್ಲಿ ಸೇರುತ್ತದೆ. ಅದಕ್ಕೆ ಎರಡೂ ಕಡೆ ಪ್ರೆಶರ್ ಸೆನ್ಸರ್ ಬೇಕು. ಈ ಸಲ ಬೇರೆ ಅಂಗಡಿಗೆ, ಮೀಟರ್ ಜೇಬಲ್ಲಿಟ್ಟುಕೊಂಡೇ ಹೋಗುತ್ತೇನೆ.