ರಾತ್ರಿ ಹಲ್ಲು ಕಡಿತ: ಮದ್ದು ಇರುವುದು ಹಗಲಿನಲ್ಲಿ

ಕೊಡಗಿನ ಮನೆಗಳಲ್ಲಿ ಯಾರಾದರೂ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂದರೆ ಮೊದಲು ಬರುವ ಮಾತು ‘ಹೊಟ್ಟೆಯಲ್ಲಿ ಹುಳ ಇರಬೇಕು’. ಅದರ ಬೆನ್ನಿಗೇ ‘ಮಲಗುವಾಗ ಒಂದು ಲವಂಗ ಕಚ್ಚಿಕೊ’ ಎಂಬ ಸಲಹೆ. ಲವಂಗ ಹಲ್ಲುನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ನಿಜ. ಆದರೆ ಹಲ್ಲು ಕಡಿಯುವುದು ಹಲ್ಲಿನಲ್ಲಿ ಹುಟ್ಟುವ ತೊಂದರೆ ಅಲ್ಲವೇ ಅಲ್ಲ. ಅದು ಹುಟ್ಟುವುದು ನಿದ್ದೆಯಲ್ಲಿ. ಜೊತೆಗೆ ನಿದ್ದೆಗಣ್ಣಿನಲ್ಲಿ ಬಾಯೊಳಗೆ ಲವಂಗ ಇಟ್ಟುಕೊಂಡರೆ ಗಂಟಲಿಗೆ ಇಳಿಯುವ ಅಪಾಯ ಬೇರೆ.

ರಾತ್ರಿಯಿಡೀ ನಿದ್ದೆ ಒಂದೇ ಸಮ ಇರುವುದಿಲ್ಲ. ಮಿದುಳು ಆಗಾಗ ಕೆಲವು ಸೆಕೆಂಡು ಅರೆ ಎಚ್ಚರಕ್ಕೆ ಬಂದು ಮತ್ತೆ ಮುಳುಗುತ್ತದೆ. ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ಆ ಗಳಿಗೆಯಲ್ಲಿ ಮೊದಲು ಎದೆಬಡಿತ ಏರುತ್ತದೆ, ಆಮೇಲೆ ದವಡೆಯ ಸ್ನಾಯು ಬಿಗಿಯುತ್ತದೆ, ಕೊನೆಗೆ ಹಲ್ಲಿಗೆ ಹಲ್ಲು ಉಜ್ಜುತ್ತದೆ. ಇದು ಹೆಚ್ಚಾಗಿ ಆಗುವುದು ತೆಳು ನಿದ್ದೆಯಲ್ಲಿ. ಎಂದಮೇಲೆ ನಿದ್ದೆಯನ್ನು ತುಂಡು ತುಂಡು ಮಾಡುವ ಯಾವುದೇ ಸಂಗತಿ ಹಲ್ಲು ಕಡಿತವನ್ನೂ ಹೆಚ್ಚಿಸಬಲ್ಲದು. ಕಣ್ಣು ಮುಚ್ಚಿದ ಮೇಲೆ ದವಡೆ ನಮ್ಮ ಮಾತು ಕೇಳುವುದಿಲ್ಲ. ನಮ್ಮ ಕೈಲಾಗುವುದನ್ನೆಲ್ಲ ಮಧ್ಯಾಹ್ನದಿಂದ ಮಲಗುವವರೆಗಿನ ಹೊತ್ತಿನಲ್ಲೇ ಮಾಡಿ ಮುಗಿಸಬೇಕು. ಮನೆಮದ್ದಿನಿಂದ ಇದು ಪೂರ್ತಿ ನಿಂತೇಹೋಗುತ್ತದೆ ಎಂದು ಯಾರೂ ಭರವಸೆ ಕೊಡಬಾರದು. ಕಡಿಮೆಯಾಗಬಹುದು, ಬೆಳಗಿನ ನೋವು ಇಳಿಯಬಹುದು. ಅಷ್ಟಾದರೂ ದೊಡ್ಡ ಲಾಭವೇ.

ಕಟಕಟ ಸದ್ದು ಕೇಳಿದರೆ ಮಾತ್ರ ತೊಂದರೆ ಇದೆ ಎಂದುಕೊಳ್ಳಬೇಡಿ. ಸದ್ದೇ ಇಲ್ಲದೆ ಹಲ್ಲು ಬಿಗಿಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಏಳುವಾಗ ದವಡೆ ದಣಿದಂತಿರುವುದು, ಕಣತಲೆಯಲ್ಲಿ ನೋವಿದ್ದು ಹೊತ್ತೇರಿದಂತೆ ತಾನೇ ಇಳಿಯುವುದು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಹಲ್ಲುಗಳು ಕೂಡುವ ಎತ್ತರದಲ್ಲಿ ಒಂದು ಬಿಳಿ ಗೆರೆ, ಕೋರೆಹಲ್ಲಿನ ತುದಿ ಸವೆದು ಚಪ್ಪಟೆಯಾಗಿರುವುದು, ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು – ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಅನುಮಾನ ಪಡಬೇಕು. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಬೆಳಿಗ್ಗೆ ದವಡೆಯ ನೋವು ಹತ್ತಕ್ಕೆ ಎಷ್ಟು, ಹಿಂದಿನ ದಿನ ಕೊನೆಯ ಕಾಫಿ ಎಷ್ಟು ಗಂಟೆಗೆ, ಮದ್ಯ ಇತ್ತೇ, ಊಟ ಎಷ್ಟು ಹೊತ್ತಿಗೆ, ನಿದ್ದೆ ಎಷ್ಟು ಸಲ ಕೆಟ್ಟಿತು. ನಿಮ್ಮ ಕಾರಣ ಯಾವುದು ಎಂದು ಈ ಪುಸ್ತಕ ಹೇಳಿದಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಲಾರರು.

ಈಗ ಕಾಫಿ. ಕೊಡಗಿನಲ್ಲಿ ಇದನ್ನು ಹೇಳುವುದು ಕಷ್ಟ, ಹೇಳದಿದ್ದರೆ ತಪ್ಪು. ಇಲ್ಲಿ ಹೆಚ್ಚು ಬೆಳೆಯುವುದು ರೊಬಸ್ಟಾ, ಅದರಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ. ಮನೆಯ ತೋಟದ ಬೀಜವನ್ನೇ ಹುರಿದು, ಚಿಕೋರಿ ಬೆರೆಸದೆ ಕುಡಿಯುವ ಮನೆಗಳಲ್ಲಿ ಒಂದು ಲೋಟಕ್ಕೆ ಇಳಿಯುವ ಕೆಫೀನ್ ಅಂಗಡಿಯ ಚಿಕೋರಿ ಬೆರೆತ ಪುಡಿಗಿಂತ ಎಷ್ಟೋ ಹೆಚ್ಚು. ಬೆಲ್ಲದ ಕಾಫಿ ತೆಳುವಾಗಿರುತ್ತದೆ, ಅದರಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆ ಇದೆ. ಒಂದು ಲೋಟಕ್ಕೆ ಆ ಮಾತು ಸರಿ. ಆದರೆ ಒಲೆಯ ಮೇಲೆ ಪಾತ್ರೆ ಇಟ್ಟು ಬಂದವರಿಗೆಲ್ಲ ಕೊಡುತ್ತ ತಾವೂ ಕುಡಿಯುತ್ತ ಹೋದರೆ ಸಂಜೆಯ ಲೆಕ್ಕ ದೊಡ್ಡದಾಗುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು, ಗರ್ಭಿಣಿಯರಿಗೂ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೂ ಇನ್ನೂ ಹೆಚ್ಚು ಹೊತ್ತು. ಸಂಜೆ 5ಕ್ಕೆ ಕುಡಿದದ್ದರಲ್ಲಿ ಅರ್ಧ ಪಾಲು ರಾತ್ರಿ 10ಕ್ಕೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ‘ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ’ ಎನ್ನುವವರ ಮಾತು ಸುಳ್ಳಲ್ಲ. ನಿದ್ದೆ ಬರುತ್ತದೆ, ಆದರೆ ತೆಳುವಾಗಿ ಬರುತ್ತದೆ, ಮತ್ತು ತೆಳು ನಿದ್ದೆಯೇ ಇಲ್ಲಿನ ಸಮಸ್ಯೆ.

10 ಗಂಟೆಗೆ ಮಲಗುವವರು ಕೊನೆಯ ಕಾಫಿಯನ್ನು ಮಧ್ಯಾಹ್ನ 2ರೊಳಗೆ ಮುಗಿಸಬೇಕು. ಒಂದೇ ದಿನಕ್ಕೆ ನಿಲ್ಲಿಸಲು ಹೋಗಬೇಡಿ. ದಿನಕ್ಕೆ ಐದಾರು ಲೋಟ ಕುಡಿಯುತ್ತಿದ್ದವರು ಥಟ್ಟನೆ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಒಂದು ವಾರದವರೆಗೂ ಕಾಡಬಹುದು. ಎಡವುವುದು ಇಲ್ಲೇ. ಆ ತಲೆನೋವೂ ಬೆಳಿಗ್ಗೆಯೇ ಬರುವುದರಿಂದ ‘ಕಾಫಿ ಬಿಟ್ಟರೂ ಪ್ರಯೋಜನವಾಗಲಿಲ್ಲ, ನೋವು ಇನ್ನೂ ಹೆಚ್ಚಾಯಿತು’ ಎಂದು ಜನ ಹಳೆಯ ದಾರಿಗೆ ಮರಳುತ್ತಾರೆ. ಮೊದಲು ರಾತ್ರಿ ಊಟದ ನಂತರದ್ದನ್ನು ಬಿಡಿ. ನಾಲ್ಕು ದಿನ ಕಳೆದ ಮೇಲೆ ಸಂಜೆಯದಕ್ಕೆ ಪುಡಿ ಅರ್ಧ ಮಾಡಿ, ಇನ್ನು ನಾಲ್ಕು ದಿನಕ್ಕೆ ಅದನ್ನೂ ಬಿಡಿ. ಕೈಗೆ ಬಿಸಿ ಲೋಟ ಬೇಕೇಬೇಕು ಎಂದರೆ ಬರೀ ಚಿಕೋರಿಯ ಡಿಕಾಕ್ಷನ್ ಆಗುತ್ತದೆ, ಅದರಲ್ಲಿ ಕೆಫೀನ್ ಇಲ್ಲ. ಜೀರಿಗೆ–ಕೊತ್ತಂಬರಿ ಕಷಾಯವೂ ಆದೀತು. ಕಾಫಿ ಬಿಟ್ಟು ಚಹಾ, ಗ್ರೀನ್ ಟೀ ಹಿಡಿಯುವುದು ಪೂರ್ಣ ಪರಿಹಾರವಲ್ಲ, ಅವುಗಳಲ್ಲೂ ಕೆಫೀನ್ ಇದೆ.

ಮದ್ಯದ ವಿಷಯವನ್ನೂ ಇಷ್ಟೇ ನೇರವಾಗಿ ಹೇಳಬೇಕು. ಮದುವೆ ಮನೆ, ಪುತ್ತರಿ, ಕೈಲ್‌ಪೊಳ್ದ್ ಹಬ್ಬ ಎಂದರೆ ಲೋಟ ಮುಂದೆ ಬರುತ್ತದೆ. ಕುಡಿದಾಗ ಬೇಗ ನಿದ್ದೆ ಹತ್ತುತ್ತದೆ, ಆದರೆ ದೇಹ ಅದನ್ನು ಕರಗಿಸಿ ಮುಗಿಸುವ ಹೊತ್ತಿಗೆ, ಅಂದರೆ ರಾತ್ರಿಯ ಎರಡನೆಯ ಅರ್ಧದಲ್ಲಿ, ನಿದ್ದೆ ಒಡೆಯುತ್ತದೆ. 30 ಮಿ.ಲೀ. ಬ್ರಾಂದಿ ಕರಗಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ರಾತ್ರಿ 10ಕ್ಕೆ ಎರಡು ಲಾರ್ಜ್ (ತಲಾ 60 ಮಿ.ಲೀ.) ಮುಗಿಸಿದವರಿಗೆ ಈ ತೊಂದರೆ ಶುರುವಾಗುವುದು ನಸುಕಿನ 2ರ ಸುಮಾರಿಗೆ. ಕುಡಿಯುವುದೇ ಆದರೆ ಊಟಕ್ಕೆ ಮೊದಲು, ಕಡಿಮೆ, ಬೇಗ. ಬೀಡಿ–ಸಿಗರೇಟಿನ ನಿಕೋಟಿನ್ ಕೂಡ ನಿದ್ದೆ ಕೆಡಿಸುತ್ತದೆ.

ಅಡಿಕೆ ಜಗಿಯುವವರು ಒಂದು ಪರೀಕ್ಷೆ ಮಾಡಿಕೊಳ್ಳಲೇಬೇಕು. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಮೂರು ಬೆರಳು ಹಿಡಿಸಬೇಕು. ಹಿಡಿಸದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಅದು ಹಲ್ಲು ಕಡಿತದ ಬಿಗಿತ ಅಲ್ಲದೇ ಇರಬಹುದು. ಅಡಿಕೆಯಿಂದ ಬಾಯಿಯ ಒಳಪದರ ನಾರುಗಟ್ಟುವ ಕಾಯಿಲೆಯ ಲಕ್ಷಣ ಇದು, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಆಗ ಮನೆಯಲ್ಲಿ ಶಾಖ, ಎಣ್ಣೆ ಎಂದು ದಿನ ಕಳೆಯದೆ ದಂತ ವೈದ್ಯರ ಬಳಿ ಹೋಗಬೇಕು. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ, ದೂರ ಹೋಗಬೇಕಾಗಿಲ್ಲ.

ಹಗಲಿನಲ್ಲಿ ದವಡೆ ಎಲ್ಲಿರುತ್ತದೆ ಎಂದು ಗಮನಿಸಿ. ತುಟಿ ಮುಚ್ಚಿರಬೇಕು, ಹಲ್ಲುಗಳು ಒಂದಕ್ಕೊಂದು ತಾಗಬಾರದು. ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಇರುವುದೇ ದವಡೆಯ ವಿಶ್ರಾಂತಿ. ಊಟ, ಮಾತು, ಉಗುಳು ನುಂಗುವ ಹೊತ್ತು ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಕೆಲಸವೇ ಇಲ್ಲ. ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲುಗಳ ಸ್ವಲ್ಪ ಹಿಂದೆ, ಅಂಗುಳಕ್ಕೆ ಹಗುರವಾಗಿ ತಾಗಿಸಿಟ್ಟರೆ ದವಡೆ ತಾನೇ ಸಡಿಲವಾಗುತ್ತದೆ. ಮಳೆಗಾಲದ ಘಾಟಿಯಲ್ಲಿ ಗಾಡಿ ಓಡಿಸುವಾಗ, ಮರಕಸಿ (ತೋಟದ ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವಾಗ, ಫೋನಿನಲ್ಲಿ ಮೆಣಸಿನ ರೇಟು ನೋಡುವಾಗ ಹಲ್ಲು ಬಿಗಿಹಿಡಿದಿರುವುದು ಗೊತ್ತೇ ಆಗುವುದಿಲ್ಲ. ಸ್ಟೇರಿಂಗ್ ಮೇಲೆ, ಫೋನಿನ ಹಿಂಬದಿಯಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ ಒಂದೊಂದು ಕೆಂಪು ಚುಕ್ಕೆ ಅಂಟಿಸಿ. ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಬಿಡಿಸಿ, ಒಂದು ಉಸಿರು ನಿಧಾನವಾಗಿ ಬಿಡಿ. ಚ್ಯೂಯಿಂಗ್ ಗಮ್ ಬೇಡ, ಪೆನ್ನು, ಉಗುರು ಕಚ್ಚುವುದು ಬೇಡ.

ಸಂಜೆ ಶಾಖ, ತಿಕ್ಕುವುದು, ವ್ಯಾಯಾಮ ಎಲ್ಲ ಸೇರಿ 20 ನಿಮಿಷ ಸಾಕು. ಬಚ್ಚಲ ಹಂಡೆಯಲ್ಲಿ ಹೇಗೂ ಬಿಸಿನೀರು ಇರುತ್ತದೆ. ತೆಳು ಬೈರಾಸು ಜುಲೈ ತಿಂಗಳ ಮಡಿಕೇರಿ ಚಳಿಗೆ ಬಹುಬೇಗ ಆರುತ್ತದೆ. ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ, ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ. ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಹಿತವಾಗಿದ್ದರೆ ಕೆನ್ನೆಯ ಮೂಳೆಯಿಂದ ದವಡೆಯ ಮೂಲೆಯವರೆಗೆ ಎರಡೂ ಬದಿಗೆ ಒತ್ತಿ ಹಿಡಿಯಿರಿ, ಮೇಲೊಂದು ಒಣ ಬಟ್ಟೆ ಹೊದಿಸಿದರೆ ಬಿಸಿ ನಿಲ್ಲುತ್ತದೆ. ಮೂರು ನಾಲ್ಕು ನಿಮಿಷಕ್ಕೊಮ್ಮೆ ಮತ್ತೆ ಅದ್ದಿ, ಒಟ್ಟು 10ರಿಂದ 15 ನಿಮಿಷ. ಆಮೇಲೆ ಒಮ್ಮೆ ಹಲ್ಲು ಕಚ್ಚಿ, ಕೆನ್ನೆಯಲ್ಲಿ ಉಬ್ಬುವ ಸ್ನಾಯುವನ್ನು ಬೆರಳಿನಿಂದ ಗುರುತಿಸಿ, ಹಲ್ಲು ಬಿಡಿಸಿ. ಎರಡು ಹನಿ ತೆಂಗಿನೆಣ್ಣೆ ಹಚ್ಚಿ ಎರಡು ಬೆರಳಿನಿಂದ ಸಣ್ಣ ಸುತ್ತುಗಳಲ್ಲಿ ತಿಕ್ಕಿ: ಕೆನ್ನೆಯ ಮೂಳೆಯ ಕೆಳಗೆ, ಸ್ನಾಯುವಿನ ನಡುವೆ, ದವಡೆಯ ಮೂಲೆಯಲ್ಲಿ, ಕೊನೆಗೆ ಕಣತಲೆಯಲ್ಲಿ, ಒಂದೊಂದು ಕಡೆ ಅರ್ಧ ನಿಮಿಷ. ಜೋರಾಗಿ ಒತ್ತಿದರೆ ಬೇಗ ಗುಣವಾಗುತ್ತದೆ ಎಂದು ತಿಳಿದು ಒತ್ತಿದವರಿಗೆ ಮರುದಿನ ನೋವು ಹೆಚ್ಚು. ಮುಗಿಸುವಾಗ ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿಟ್ಟುಕೊಂಡೇ, ಅದು ಬಿಡದಷ್ಟು ಮಾತ್ರ ನಿಧಾನವಾಗಿ ಬಾಯಿ ತೆರೆದು ಐದು ಸೆಕೆಂಡು ನಿಲ್ಲಿಸಿ, ಆರು ಸಲ. ನಾಲಿಗೆ ಹಾಗಿದ್ದರೆ ಬಾಯಿ ಅತಿಯಾಗಿ ತೆರೆಯುವುದಿಲ್ಲ, ಕಿವಿಯ ಮುಂದಿನ ಕೀಲು ಮುಂದಕ್ಕೆ ಜಾರುವುದಿಲ್ಲ. ದವಡೆ ಸಿಕ್ಕಿಕೊಳ್ಳುವವರು ಈ ವ್ಯಾಯಾಮ ಮಾಡಬಾರದು. ಮುಖ ಊದಿದ್ದರೆ, ಹಲ್ಲಿನ ಬೇರಿನಲ್ಲಿ ಕೀವು ಇದ್ದರೆ ಶಾಖವೂ ಬೇಡ, ಊತ ಹೆಚ್ಚುತ್ತದೆ.

ಊಟ ಮತ್ತು ಹಾಸಿಗೆಯ ನಡುವೆ ಮೂರು ಗಂಟೆ ಬಿಡಿ. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರಿದರೂ ನಿದ್ದೆ ಒಡೆದು ದವಡೆ ಬಿಗಿಯುತ್ತದೆ. ತಡರಾತ್ರಿ ಪಂದಿ ಕರಿ (ಹಂದಿ ಮಾಂಸದ ಸಾರು) ಉಂಡು ನೇರ ಮಲಗುವವರಿಗೆ ಎರಡು ನಷ್ಟ: ಕೊಬ್ಬು ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ, ಅದಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಹಲ್ಲಿನ ಎನಾಮಲನ್ನು ಮೆದುಗೊಳಿಸುತ್ತದೆ, ಮೆದುವಾದ ಹಲ್ಲು ಉಜ್ಜಿದಾಗ ಬೇಗ ಸವೆಯುತ್ತದೆ. ಕಿತ್ತಳೆಗೂ ಇದೇ ಮಾತು. ಹುಳಿ ತಿಂದ ತಕ್ಷಣ ಬ್ರಷ್ ಮಾಡದೆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಬ್ರಷ್ ಮಾಡಿ. ಎದೆಯುರಿ ಇರುವವರು ಮಂಚದ ತಲೆಭಾಗದ ಎರಡೂ ಕಾಲುಗಳ ಕೆಳಗೆ 15 ಸೆಂ.ಮೀ. ಮರದ ತುಂಡು ಇಡಿ, ಎಡಮಗ್ಗುಲಲ್ಲಿ ಮಲಗಿ. ಮೂರು ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಆಮ್ಲ ಇನ್ನಷ್ಟು ಏರುತ್ತದೆ, ಕುತ್ತಿಗೆಯೂ ಹಿಡಿಯುತ್ತದೆ.

ಕೊಡಗಿನ ನಿದ್ದೆಗೆ ಇಲ್ಲಿಯದೇ ಆದ ಶತ್ರುಗಳಿವೆ. ಆನೆ ತೋಟಕ್ಕೆ ಇಳಿಯುವ ಕಡೆಗಳಲ್ಲಿ ಮನೆಮಂದಿಯೆಲ್ಲ ಒಂದು ಕಿವಿ ತೆರೆದೇ ಮಲಗುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದ ಮಾರ್ಚ್‌ನಲ್ಲಿ, ಕುಯ್ಲಿಗೆ ಆಳು ಸಿಗದ ಜನವರಿಯಲ್ಲಿ ತಲೆ ಮಲಗುವುದೇ ಇಲ್ಲ. ಚಿಂತೆ ಬಿಡಿ ಎಂದು ಹೇಳಿದರೆ ಯಾರ ಚಿಂತೆಯೂ ಹೋಗದು. ಆದರೆ ಸರದಿ ಮಾಡಿಕೊಳ್ಳಬಹುದು: ಇವತ್ತು ಫೋನು, ಟಾರ್ಚು ಒಬ್ಬರ ತಲೆದಿಂಬಿನ ಪಕ್ಕ, ನಾಳೆ ಇನ್ನೊಬ್ಬರದು, ಉಳಿದವರು ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗಲಿ. ನಾಳೆಯ ಕೆಲಸಗಳನ್ನು ಸಂಜೆ 7ಕ್ಕೇ ಕಾಗದದಲ್ಲಿ ಬರೆದಿಟ್ಟರೆ ಹಾಸಿಗೆಯಲ್ಲಿ ಲೆಕ್ಕ ಹಾಕುವುದು ಕಡಿಮೆಯಾಗುತ್ತದೆ.

ಕೆಲಸಕ್ಕೆ ಬಾರದ್ದನ್ನೂ ಹೇಳಿಬಿಡುತ್ತೇನೆ. ಎಣ್ಣೆ ಮುಕ್ಕಳಿಸುವುದರಿಂದ ಹಲ್ಲು ಕಡಿತ ನಿಲ್ಲುವುದಿಲ್ಲ, 20 ನಿಮಿಷ ಮುಕ್ಕಳಿಸಿದರೆ ದಣಿದ ಸ್ನಾಯು ಇನ್ನೂ ದಣಿಯುತ್ತದೆ. ಲವಂಗದ ಎಣ್ಣೆಯನ್ನು ಹಾಗೆಯೇ ಹಚ್ಚಿದರೆ ಒಸಡು ಸುಡುತ್ತದೆ. ಜಾಯಿಕಾಯಿ ನಿದ್ದೆ ತರುತ್ತದೆಂದು ಚಮಚಗಟ್ಟಲೆ ಹಾಲಿಗೆ ಹಾಕುವುದು ಅಪಾಯ. ಐದು ಗ್ರಾಂ ದಾಟಿದರೆ ವಿಷವಾಗುತ್ತದೆ, ಎದೆಬಡಿತ ಏರಿ ಭ್ರಮೆ ಬರುತ್ತದೆ. ಮೆಗ್ನೀಸಿಯಂ ಮಾತ್ರೆಗೆ ಗಟ್ಟಿ ಆಧಾರವಿಲ್ಲ, ಕಿಡ್ನಿ ತೊಂದರೆ ಇದ್ದವರು ಮುಟ್ಟಲೇಬಾರದು. ರಾಗಿ, ಸೊಪ್ಪು ತಿನ್ನಿ, ಸಾಕು.

ಮಕ್ಕಳ ಹಲ್ಲು ಕಡಿತಕ್ಕೆ ಹೆಚ್ಚಾಗಿ ಮದ್ದೇ ಬೇಡ, ಬೆಳೆಯುತ್ತ ಬಹುತೇಕ ಮಕ್ಕಳಲ್ಲಿ ತಾನೇ ನಿಲ್ಲುತ್ತದೆ. ಹುಳದ ಮಾತ್ರೆಯನ್ನು ಶಾಲೆಯಲ್ಲಿ ಕೊಟ್ಟಾಗ ತೆಗೆದುಕೊಳ್ಳಲಿ, ಆದರೆ ಹಲ್ಲಿನ ಸದ್ದು ಕೇಳಿದಾಗಲೆಲ್ಲ ಬೇಡ. ಮಗು ಗೊರಕೆ ಹೊಡೆದರೆ, ಬಾಯಿಯಿಂದ ಉಸಿರಾಡಿದರೆ ಮಾತ್ರ ಟಾನ್ಸಿಲ್, ಅಡಿನಾಯ್ಡ್ ತೋರಿಸಿ.

ದೊಡ್ಡವರಲ್ಲೂ ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಹಗಲು ತೂಕಡಿಕೆ ಇದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು, ಕಷಾಯಕ್ಕೆ ಬಗ್ಗುವುದಿಲ್ಲ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್‌ನಂಥ ಮಾತ್ರೆಗಳಿಂದಲೂ ಕೆಲವರಿಗೆ ಹಲ್ಲು ಕಡಿತ ಶುರುವಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ಹೇಳಿ. ಪ್ರಮಾಣ ಇಳಿಸಲು, ಬದಲಿಸಲು ದಾರಿ ಇದೆ.

ಹಲ್ಲು ಆಗಲೇ ಸವೆಯುತ್ತಿದ್ದರೆ ಇವೆಲ್ಲದರ ಜೊತೆಗೆ ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿಗೆ ತೊಡಿಸುವ ಕವಚ ಬೇಕು. ಅದು ಕಡಿತವನ್ನು ನಿಲ್ಲಿಸುವುದಿಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ. ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಅಂಗಡಿಯ ಮೆದು ಗಾರ್ಡ್ ಕೆಲವರಲ್ಲಿ ಜಗಿಯುವ ಚಟ ಹೆಚ್ಚಿಸುತ್ತದೆ. ದಂತ ವೈದ್ಯರು ಅಚ್ಚು ತೆಗೆದು ಮಾಡುವ ಗಟ್ಟಿ ಅಕ್ರಿಲಿಕ್‌ನದು ಮೇಲು. ಬೆಳಿಗ್ಗೆ ತಣ್ಣೀರಿನಲ್ಲಿ ಮೆದು ಬ್ರಷ್ಷಿನಿಂದ, ಪೇಸ್ಟ್ ಇಲ್ಲದೆ ತೊಳೆಯಿರಿ. ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಒದ್ದೆ ಗಾರ್ಡನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಒರೆಸಿ, ತೂತುಗಳಿರುವ ಡಬ್ಬಿಯಲ್ಲಿಟ್ಟು, ಒಲೆಯಿಂದ ದೂರ ಗಾಳಿಯಾಡುವ ಕಡೆ ಇಡಿ. ಹಲ್ಲು ತೋರಿಸಲು ಹೋಗುವಾಗಲೆಲ್ಲ ಅದನ್ನೂ ಒಯ್ಯಿರಿ. ಎಲ್ಲಿ ಎಷ್ಟು ಸವೆದಿದೆ ಎಂದು ನೋಡಿಯೇ ವೈದ್ಯರು ನಿಮ್ಮ ಕಡಿತದ ಜೋರು ಹೇಳಬಲ್ಲರು.