ಇವತ್ತು ನೀರು ಎಷ್ಟು ಮಾರು?

ಹಡಗಿನ ಕ್ಯಾಬಿನ್ ಸ್ಟೀವರ್ಡ್‌ಗೆ ಎರಡೇ ಬಗೆಯ ದಿನ. ಒಂದು ಬಂದರಿನ ದಿನ, ಇನ್ನೊಂದು ಸಮುದ್ರದ ದಿನ. ಬಂದರು ಸಿಕ್ಕಿದ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಪ್ರಯಾಣಿಕರು ಟೊಪ್ಪಿ, ನೀರಿನ ಬಾಟ್ಲಿ ಹಿಡಿದು ಇಳಿದು ಹೋಗುತ್ತಾರೆ. ಸಾಲಾಗಿ ಕೋಣೆ ತೆರೆಯುವುದು, ಹಾಸಿಗೆ ಬದಲಿಸುವುದು, ಬಚ್ಚಲು ತೊಳೆಯುವುದು. ಮಧ್ಯಾಹ್ನಕ್ಕೆ ಕೈ ಖಾಲಿ. ಸಮುದ್ರದ ದಿನ ಯಾರೂ ಎಲ್ಲಿಗೂ ಹೋಗುವುದಿಲ್ಲ. ಹನ್ನೊಂದಾದರೂ ಬಾಗಿಲಿಗೆ 'ತೊಂದರೆ ಕೊಡಬೇಡಿ' ಕಾರ್ಡು ನೇತಾಡುತ್ತಿರುತ್ತದೆ. ಹದಿನೆಂಟು ಕೋಣೆಯ ಜವಾಬ್ದಾರಿ ಹೊತ್ತ ನನಗೆ, ಮೊದಮೊದಲು, ಸಮುದ್ರದ ದಿನ ಎಂದರೆ ಹೊಟ್ಟೆ ಹಿಂಡುವಂಥ ದಿನ.

ನಾನು ಮಲ್ಪೆಯವನು. ಮಣಿಪಾಲದ ಒಂದು ಹೋಟೆಲಿನಲ್ಲಿ ನಾಲ್ಕು ವರ್ಷ ಹೌಸ್‌ಕೀಪಿಂಗ್ ಮಾಡಿ, ಹಡಗಿನ ಕೆಲಸಕ್ಕೆ ಬೇಕಾದ ಎಸ್‌ಟಿಸಿಡಬ್ಲ್ಯೂ ಎಂಬ ಸುರಕ್ಷತಾ ತರಬೇತಿ ಮುಗಿಸಿ, ಸಿಡಿಸಿ ಎಂಬ ನಾವಿಕರ ದಾಖಲೆ ಪುಸ್ತಕ ಕೈಗೆ ಬಂದ ಮೇಲೆ ಹಡಗು ಹತ್ತಿದೆ. ಅಪ್ಪ ಮೂವತ್ತೈದು ವರ್ಷ ಆಳಸಮುದ್ರ ಬೋಟಿನಲ್ಲಿ ದುಡಿದವರು, ಹೆಚ್ಚು ಕಾಲ ತಾಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ. ನಾನು ಹೊರಟಾಗ ಸಂಬಳ ಎಷ್ಟು ಎಂದು ಉಳಿದವರೆಲ್ಲ ಕೇಳಿದರು. ಅಪ್ಪ ಕೇಳಿದ್ದು, "ಅಲ್ಲಿ ನೀರು ಎಷ್ಟು ಮಾರು?" ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಸುಮಾರು ಆರು ಅಡಿ. ನಮ್ಮ ಬೋಟಿನವರು ನೀರಿನ ಆಳ ಹೇಳುವುದು ಆ ಲೆಕ್ಕದಲ್ಲಿ. ಹೋಗಿ ನೋಡಿ ಹೇಳುತ್ತೇನೆ ಎಂದಿದ್ದೆ. ಒಂದು ಕಾಂಟ್ರಾಕ್ಟ್ ಮುಗಿಸಿ ಬಂದರೂ ಹೇಳಲಿಲ್ಲ. ನನ್ನ ಕಾರಿಡಾರಿಗೆ ಕಿಟಕಿ ಇರಲಿಲ್ಲ. ಕೆಳಗೆ ಸಿಬ್ಬಂದಿ ಓಡಾಡುವ ಉದ್ದದ ದಾರಿಗೂ ಇರಲಿಲ್ಲ. ವಾರ ಯಾವುದೆಂದು ತಿಳಿಯುತ್ತಿದ್ದದ್ದು ಲಿಫ್ಟಿನೊಳಗೆ ಹಾಸಿದ ಮ್ಯಾಟಿನಿಂದ. ಅದರ ಮೇಲೆ ಆ ದಿನದ ಹೆಸರು ಬರೆದಿರುತ್ತದೆ, ಪ್ರತಿ ನಡುರಾತ್ರಿ ಬದಲಿಸುತ್ತಾರೆ.

ಎರಡನೇ ಕಾಂಟ್ರಾಕ್ಟಿನಲ್ಲಿ ಪೆಸಿಫಿಕ್ ದಾಟುವ ಪ್ರಯಾಣ ಬಂತು. ಅಲಾಸ್ಕಾದ ಸೀಸನ್ ಮುಗಿದ ಮೇಲೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಹಲವು ಹಡಗುಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಗೆ ಹೋಗುತ್ತವೆ, ಅಲ್ಲಿ ಬೇಸಿಗೆ ಶುರುವಾಗುವುದರಿಂದ. ಹಡಗು ಹೇಗೂ ಹೋಗಲೇಬೇಕು, ಹಾಗಾಗಿ ಟಿಕೆಟೂ ಇಡುತ್ತಾರೆ. ನಮ್ಮದು ಲಾಸ್ ಏಂಜಲೀಸ್‌ನಿಂದ ಹೊನೊಲುಲು, ಅಲ್ಲಿಂದ ತಾಹಿತಿಯ ಪಪೀಟೆ, ಆಮೇಲೆ ಆಕ್ಲೆಂಡ್. ಒಂದೊಂದು ಹಂತವೂ ಎರಡು ಸಾವಿರ ನಾಟಿಕಲ್ ಮೈಲು ಮೀರಿದ್ದು. ನಾಟಿಕಲ್ ಮೈಲೆಂದರೆ 1.852 ಕಿಲೋಮೀಟರ್. ಗಂಟೆಗೆ ಇಪ್ಪತ್ತು ಮೈಲಿನಂತೆ ಹಗಲೂ ರಾತ್ರಿ ಓಡಿದರೂ ದಿನಕ್ಕೆ 480. ಅಂದರೆ ಪ್ರತಿ ಹಂತಕ್ಕೂ ನಾಲ್ಕೈದು ದಿನ ದಡವೇ ಇಲ್ಲ.

ಮೊದಲನೇ ಸಮುದ್ರದ ದಿನ ನಾನು ಬಾಗಿಲು ಬಡಿದೆ. ಒಂಬತ್ತಕ್ಕೆ ಒಮ್ಮೆ, ಒಂಬತ್ತೂವರೆಗೆ ಒಮ್ಮೆ, ಹತ್ತೂಕಾಲಿಗೆ ಮತ್ತೆ. ವಿನಯದಿಂದಲೇ ಬಡಿದೆ, ನಗುತ್ತಲೇ ಕೇಳಿದೆ. ಸಂಜೆ ಮೂರು ದೂರು ಹೋಗಿದ್ದವು.

ನಮ್ಮ ಫ್ಲೋರ್ ಸೂಪರ್‌ವೈಸರ್ ಮಂಗಳೂರಿನ ಕುಲಶೇಖರದವರು, ಹಡಗಿನಲ್ಲಿ ಇಪ್ಪತ್ತು ವರ್ಷ ಕಳೆದವರು. ಲಿನನ್ ಕೋಣೆಗೆ ಕರೆದು ಬಾಗಿಲು ಹಾಕಿದರು. ಬೈಯ್ಯುತ್ತಾರೆ ಎಂದುಕೊಂಡೆ. "ಮಾರಾಯ, ಅವರು ಐದು ದಿನ ಎಲ್ಲಿಗೂ ಹೋಗದೆ ಇರುವುದಕ್ಕೇ ದುಡ್ಡು ಕೊಟ್ಟು ಬಂದದ್ದು. ನೀನು ಅವರನ್ನು ಎಬ್ಬಿಸಿ ಎಲ್ಲಿಗೆ ಕಳಿಸುವುದು?" ಎಂದರು. ಆಮೇಲೆ ಒಂದು ಹಾಳೆ ತೆಗೆದು ನನ್ನ ಹದಿನೆಂಟು ಕೋಣೆಯ ನಂಬರ್ ಬರೆಸಿದರು. ನಾಳೆ ಯಾರನ್ನೂ ಏನೂ ಕೇಳಬೇಡ, ಯಾರು ಎಷ್ಟು ಹೊತ್ತಿಗೆ ಕಾಫಿಗೆ ಹೋಗುತ್ತಾರೆ, ಯಾರು ನಡೆಯಲು ಹೋಗುತ್ತಾರೆ, ಯಾರು ಊಟಕ್ಕೆ ಮಾತ್ರ ಹೊರಬೀಳುತ್ತಾರೆ, ಅಷ್ಟು ಬರೆದುಕೋ ಎಂದರು.

ಬರೆದೆ. ಮೂರನೇ ದಿನಕ್ಕೆ ಹಾಳೆ ತುಂಬಿತು. ಆಶ್ಚರ್ಯವೆಂದರೆ, ನೋಡಲು ಏನೂ ಇಲ್ಲದ ದಿನಗಳಲ್ಲಿ ಜನ ಗಡಿಯಾರದಂತೆ ಆಗುತ್ತಾರೆ. ಊರಲ್ಲಿ ಹೊತ್ತಿಗೊಂದು ರೀತಿ ಇದ್ದವರೂ ಅಲ್ಲಿ ಅದೇ ಕುರ್ಚಿ, ಅದೇ ಕಿಟಕಿ, ಅದೇ ಚಹಾದ ಹೊತ್ತು ಹಿಡಿದುಬಿಡುತ್ತಾರೆ. ಒಬ್ಬರು ಏಳಕ್ಕೆ ಮೇಲಿನ ಡೆಕ್ಕಿನಲ್ಲಿ ಹನ್ನೆರಡು ಸುತ್ತು. ಒಂದು ಜೋಡಿ ಹತ್ತಕ್ಕೆ ಲೈಬ್ರರಿ. ಇನ್ನೊಬ್ಬರು ಮಧ್ಯಾಹ್ನ ಒಂದರವರೆಗೆ ನಿದ್ದೆ. ನನ್ನ ಕೆಲಸದ ಸಾಲನ್ನು ಕೋಣೆ ನಂಬರಿನ ಪ್ರಕಾರ ಬಿಟ್ಟು ಅವರ ಹೊತ್ತಿನ ಪ್ರಕಾರ ಮಾಡಿಕೊಂಡೆ. ಬಾಗಿಲು ಬಡಿಯುವುದು ಬಹುತೇಕ ನಿಂತೇ ಹೋಯಿತು. ಹೋಟೆಲಿನ ನಾಲ್ಕು ವರ್ಷದಲ್ಲಿ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಲ್ಲಿ ಅತಿಥಿ ಎರಡು ರಾತ್ರಿ ಇದ್ದು ಹೋಗುತ್ತಾನೆ, ಅವನ ದಿನದ ನಡೆ ನಮಗೆ ಸಿಗುವುದೇ ಇಲ್ಲ.

ಆ ಹಾಳೆಯಲ್ಲಿ ಒಂದು ಕೋಣೆಯ ಮುಂದೆ ಮಾತ್ರ ವಿಚಿತ್ರವಾದ ಟಿಪ್ಪಣಿ ಇತ್ತು: "ಹನ್ನೆರಡಕ್ಕೆ ಒಳಗೇ ಇರುತ್ತಾರೆ." ಎಂಬತ್ತರ ಹತ್ತಿರದ ಹಿರಿಯ ಹೆಂಗಸು, ಒಬ್ಬರೇ ಬಂದಿದ್ದರು. ಬೆಳಿಗ್ಗೆಯೆಲ್ಲ ಹೊರಗಿದ್ದು ನಡುಮಧ್ಯಾಹ್ನಕ್ಕೆ ಸರಿಯಾಗಿ ಕೋಣೆಗೆ ಬರುತ್ತಿದ್ದರು. ಆ ಹೊತ್ತಿಗೆ ಕ್ಯಾಪ್ಟನ್ ಸ್ಪೀಕರಿನಲ್ಲಿ ಆ ದಿನದ ವರದಿ ಹೇಳುತ್ತಾರೆ. ಹಡಗು ಎಲ್ಲಿದೆ, ಗಾಳಿ ಯಾವ ಕಡೆಯಿಂದ, ಕೆಳಗೆ ನೀರು ಎಷ್ಟು ಆಳ, ಹತ್ತಿರದ ನೆಲ ಎಷ್ಟು ದೂರ. ಆಕೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಟವೆಲ್ ಕೊಡಲು ಹೋದ ನನ್ನನ್ನು ಊರು ಯಾವುದೆಂದು ಕೇಳಿದರು. ಹೇಳಿದೆ. ತಂದೆ ಮೀನುಗಾರ ಎಂದೂ ಹೇಳಿದೆ. ಆಕೆಯ ಮುಖ ಅರಳಿತು. "ಹಾಗಾದರೆ ಹೇಳಿ, ಇವತ್ತಿನ ನೀರಿನ ಬಣ್ಣ ನಿನ್ನೆಯದಕ್ಕಿಂತ ಬೇರೆ ಅಲ್ಲವೇ? ಯಾಕೆ?"

ನಾನು ಆ ದಿನದ ನೀರು ನೋಡಿರಲಿಲ್ಲ. ನಿನ್ನೆಯದನ್ನೂ ನೋಡಿರಲಿಲ್ಲ. ಅಳಿವೆ ಬಾಗಿಲಿನ ಕೆಂಪು ನೀರು, ಅದರಾಚೆಯ ಹಸಿರು, ಅದಕ್ಕೂ ಆಚೆಯ ಕಪ್ಪು ನೀಲಿ, ಇವನ್ನು ಅಪ್ಪನ ಬಾಯಲ್ಲಿ ಕೇಳುತ್ತಾ ಬೆಳೆದವನು, ಪೆಸಿಫಿಕ್ಕಿನ ನಡುವೆ ನಿಂತು, ನೋಡಿಲ್ಲ ಮೇಡಂ ಎನ್ನಬೇಕಾಯಿತು. ಆಕೆ ಏನೂ ಅನ್ನಲಿಲ್ಲ. ಪರದೆ ಪೂರ್ತಿ ಸರಿಸಿ, ಕಿಟಕಿಯ ಮುಂದೆ ಜಾಗ ಬಿಟ್ಟು ನಿಂತರು. ಒಂದು ನಿಮಿಷ ನೋಡಿದೆ. ಅಂಥ ನೀಲಿಯನ್ನು ನಾನು ನೋಡಿದ್ದು ಅದೇ ಮೊದಲು. ದಡದ ನೀರಲ್ಲಿ ಕೆಸರು, ಪಾಚಿ, ಸಣ್ಣ ಜೀವಗಳು ತುಂಬಿರುವುದರಿಂದ ಹಸಿರು. ನಡುಸಾಗರದಲ್ಲಿ ಅವು ಕಡಿಮೆ, ಬೆಳಕು ಆಳಕ್ಕಿಳಿದು ನೀಲಿ ಮಾತ್ರ ಹಿಂದಿರುಗುತ್ತದೆ. ಇದನ್ನೆಲ್ಲ ಆಮೇಲೆ ಓದಿ ತಿಳಿದುಕೊಂಡು ಆಕೆಗೆ ಹೇಳಿದೆ. ಅದೂ ನೋಟ್‌ಬುಕ್ಕಿಗೆ ಹೋಯಿತು.

ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ನಿಮಿಷ ಹಡಗಿನ ಮುಂಭಾಗದ ಸಿಬ್ಬಂದಿ ಡೆಕ್ಕಿಗೆ ಹೋಗತೊಡಗಿದೆ. ನಮಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಲೇಬೇಕೆಂದು 2006ರ ಕಡಲ ಕಾರ್ಮಿಕ ಒಪ್ಪಂದದಲ್ಲಿ ಉಂಟು. ಉಳಿದ ಹೊತ್ತೆಲ್ಲ ದುಡಿಮೆ. ಆ ವಿಶ್ರಾಂತಿಯನ್ನು ನಾವೆಲ್ಲ ಫೋನಿಗೆ ಇಲ್ಲವೇ ನಿದ್ದೆಗೆ ಕೊಡುತ್ತೇವೆ, ತಪ್ಪೂ ಇಲ್ಲ. ಆದರೆ ಹತ್ತು ನಿಮಿಷ ಬೇರೆ ಇಟ್ಟೆ. ಹೊನೊಲುಲು ದಾಟಿ ತೆಂಕಣಕ್ಕೆ ಇಳಿಯುವಾಗ ಈಶಾನ್ಯದ ಗಾಳಿ ಬೆನ್ನ ಹಿಂದೆ. ಹಾರುವ ಮೀನುಗಳ ಹಿಂಡು ಹಡಗಿನ ಅಲೆಗೆ ಬೆದರಿ ಎದ್ದು ನೀರಿನ ಮೇಲೆ ತೇಲಿಹೋಗುವುದು. ಭೂಮಧ್ಯರೇಖೆ ಹತ್ತಿರವಾದಂತೆ ಗಾಳಿ ಸತ್ತು, ಮೋಡ ಕವಿದು, ನಮ್ಮ ಜೂನಿನಂಥ ಒಂದು ಮಳೆ. ಅದು ದಾಟಿದ ಮೇಲೆ ಗಾಳಿ ಆಗ್ನೇಯಕ್ಕೆ ತಿರುಗಿತು. ರೇಖೆ ದಾಟಿದ ದಿನ ಈಜುಕೊಳದ ಹತ್ತಿರ ಸಮುದ್ರರಾಜನ ವೇಷ ಕಟ್ಟಿ, ಮೊದಲ ಸಲ ದಾಟುವವರಿಂದ ಮೀನಿಗೆ ಮುತ್ತು ಕೊಡಿಸುವ ಹಳೆಯ ಸಂಪ್ರದಾಯ. ನಾನು ಕೆಲಸದಲ್ಲಿದ್ದೆ, ಗದ್ದಲ ಮಾತ್ರ ಕೇಳಿಸಿತು.

ನೋಡಿದ್ದನ್ನು ಕೋಣೆಯವರಿಗೆ ಹೇಳತೊಡಗಿದೆ. ಬಲಗಡೆ ಹಾರುವ ಮೀನು ಉಂಟು, ಈಗ ಹೋದರೆ ಕಾಣಬಹುದು. ಇವತ್ತು ರಾತ್ರಿ ಆಕಾಶ ಶುಭ್ರ ಉಂಟು, ಹಿಂದಿನ ಡೆಕ್ಕಿಗೆ ಹೋಗಿ, ಅಲ್ಲಿ ದೀಪ ಕಡಿಮೆ. ಟವೆಲಿನಲ್ಲಿ ಆನೆ, ಮಂಗ ಮಾಡಿ ಹಾಸಿಗೆ ಮೇಲಿಡುವುದನ್ನು ನಮಗೆ ಕಲಿಸುತ್ತಾರೆ, ಮಕ್ಕಳಿಗೆ ಅದು ಇಷ್ಟ. ಆದರೆ ಆ ಪ್ರಯಾಣದ ಕೊನೆಗೆ ಬಂದ ಚೀಟಿಗಳಲ್ಲಿ ಜನ ನೆನೆದದ್ದು ಹಾರುವ ಮೀನಿನ ಸುದ್ದಿ ತಂದವನನ್ನು. ಆಕ್ಲೆಂಡಿನ ಮೊದಲು ದಿನಾಂಕ ರೇಖೆ ದಾಟಿದೆವು. ಸೋಮವಾರ ರಾತ್ರಿ ಮಲಗಿ ಬುಧವಾರ ಎದ್ದೆವು, ಲಿಫ್ಟಿನ ಮ್ಯಾಟು ಒಂದು ದಿನ ಜಿಗಿದಿತ್ತು. ಆ ಹಿರಿಯರು ನೋಟ್‌ಬುಕ್ಕಿನಲ್ಲಿ ಒಂದು ಪುಟ ಖಾಲಿ ಬಿಟ್ಟು, ಮೇಲೆ ಮಾತ್ರ ಬರೆದಿದ್ದರು: "ಈ ದಿನ ಇರಲಿಲ್ಲ."

ನಡುವೆ ಪಪೀಟೆಯಿಂದ ಅಪ್ಪನಿಗೆ ಫೋನ್ ಮಾಡಿದ್ದೆ. ಐದು ಸಾವಿರ ಮೀಟರಿನ ಆಸುಪಾಸು, ಅಂದರೆ 2,700 ಮಾರು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲಿ ಬಲೆ ಹಾಕುವುದು ಹೇಗೆ?" ಎಂದರು.

ನಮ್ಮ ಕಡೆಯಿಂದ ಹಡಗಿಗೆ ಸೇರುವ ಹುಡುಗ ಹುಡುಗಿಯರಿಗೆ ನಾನು ಈ ಹಾಳೆಯ ಕತೆಯನ್ನು ಮೊದಲು ಹೇಳುತ್ತೇನೆ, ಟಿಪ್ಸ್ ಲೆಕ್ಕ ಆಮೇಲೆ. ಮೊದಲ ಎರಡು ಸಮುದ್ರದ ದಿನ ಕಣ್ಣಿಗೆ ಕೆಲಸ ಕೊಡಿ, ಬಾಯಿಗೆ ಬೇಡ.

ಈಗ ಊರಿನಲ್ಲಿ ನಿವೃತ್ತರಾದವರು, ಮಕ್ಕಳು ಹೊರದೇಶದಲ್ಲಿರುವವರು, ಹಡಗಿನ ಪ್ರಯಾಣದ ಬಗ್ಗೆ ನನ್ನನ್ನು ಕೇಳುವುದುಂಟು. ಎಷ್ಟು ಊರು ತೋರಿಸುತ್ತಾರೆ ಎಂಬುದೇ ಮೊದಲ ಪ್ರಶ್ನೆ. ನಾನು ತಿರುಗಿ ಕೇಳುತ್ತೇನೆ, ಊರು ಇಲ್ಲದ ದಿನ ಎಷ್ಟು ಇದ್ದರೆ ನಿಮಗೆ ಸರಿ? ಹೊಟ್ಟೆ ತೊಳಸುವವರು ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆ ಹಿಡಿಯಲಿ, ತೂಗಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಮಾತ್ರೆಯನ್ನು ವಾಂತಿ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ಶುಂಠಿ, ಒಣ ಬಿಸ್ಕತ್ತು, ದೂರದ ಬಾನಂಚಿನ ಮೇಲೆ ಕಣ್ಣು, ಇವೂ ಸಹಾಯ ಮಾಡುತ್ತವೆ. ಶುದ್ಧ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿಡಿ. ಸಾಧ್ಯವಿದ್ದರೆ ಪಶ್ಚಿಮಕ್ಕೆ ಹೋಗುವ ಪ್ರಯಾಣ ಆರಿಸಿ. ಆ ದಿಕ್ಕಿನಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಲಾಸ್ ಏಂಜಲೀಸಿನಿಂದ ಹೊನೊಲುಲು ಸೇರುವಷ್ಟರಲ್ಲಿ ನಮಗೆ ಮೂರು ರಾತ್ರಿ ಒಂದೊಂದು ಗಂಟೆ ಹೆಚ್ಚು ನಿದ್ದೆ ಸಿಕ್ಕಿತ್ತು. ಪೂರ್ವಕ್ಕೆ ಹೋದರೆ ಅಷ್ಟನ್ನೂ ಕಳೆದುಕೊಳ್ಳಬೇಕು, ವಯಸ್ಸಾದವರಿಗೆ ಅದು ನಿಜಕ್ಕೂ ಕಷ್ಟ. ದಿನವೂ ಬಾಗಿಲಿಗೆ ಬರುವ ಕಾರ್ಯಕ್ರಮದ ಹಾಳೆಯಲ್ಲಿ ಒಂದೆರಡಕ್ಕೆ ಗುರುತು ಹಾಕಿದರೆ ಧಾರಾಳ. ಎಲ್ಲದಕ್ಕೂ ಓಡಿದವರು ಮೂರನೇ ದಿನಕ್ಕೆ ಸುಸ್ತಾಗಿ ಕೋಣೆಯಲ್ಲಿ ಬಿದ್ದುಕೊಂಡದ್ದನ್ನು ತುಂಬ ನೋಡಿದ್ದೇನೆ.

ಹೋದ ವರ್ಷ ರಜೆಯಲ್ಲಿದ್ದಾಗ ಅಪ್ಪ ಅಮ್ಮನನ್ನು ಮುಂಬಯಿಯಿಂದ ಲಕ್ಷದ್ವೀಪದ ಕಡೆ ಹೋಗುವ ಹಡಗಿಗೆ ಕರೆದುಕೊಂಡು ಹೋದೆ. ಸಂಜೆ ಹೊರಟಿತು. ಅಮ್ಮ ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತವರು, ದಡದ ಮೇಲಿಂದ ಬಿಟ್ಟರೆ ಬೇರೆ ಕಡೆಯಿಂದ ಸಮುದ್ರ ನೋಡಿದವರಲ್ಲ. ಊಟ ಮಾಡಿ ಮಲಗುತ್ತಾರೆ ಅಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ನೋಡಿದರೆ ಇಬ್ಬರೂ ಎಡಗಡೆಯ ಡೆಕ್ಕಿನಲ್ಲಿ, ರತ್ನಗಿರಿಯ ನೇರಕ್ಕೆ ಕತ್ತಲಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದ ಬೋಟಿನ ದೀಪ ಎಣಿಸುತ್ತಿದ್ದರು. ಅಪ್ಪ ಒಂದು ದೀಪ ತೋರಿಸಿ, ಅದು ಬಲೆ ಎಳೆಯುತ್ತಾ ಉಂಟು, ನಿಧಾನ ಹೋಗುವುದು ನೋಡು ಎಂದರು. ಇಲ್ಲಿವರೆಗೆ ನಾವೂ ಬಂದದ್ದುಂಟು, ಹತ್ತು ದಿನದ ಐಸು ಹಾಕಿಕೊಂಡು ಎಂದರು.

ಅಮ್ಮ ಕಂಬಿ ಹಿಡಿದುಕೊಂಡೇ ಇದ್ದರು. ತುಂಬ ಹೊತ್ತಿನ ಮೇಲೆ ತುಳುವಿನಲ್ಲಿ ಮೆಲ್ಲಗೆ ಕೇಳಿದರು, "ಇಷ್ಟು ದೂರ ಬರುತ್ತಿದ್ದಿರಾ ನೀವು?"